ಒಂದೇ ಸನ್ನೆ, ಎರಡು ಅಡಿಬರಹ: ಜಾಲತಾಣಗಳ ಕ್ರೀಡಾಸುದ್ದಿಯಲ್ಲಿ ಹೆಣ್ಣು ಮತ್ತು ಮೈಬಣ್ಣ

2023ರ ಏಪ್ರಿಲ್ 2ರಂದು ಅಮೆರಿಕದ ಡಲ್ಲಾಸ್ ನಗರದಲ್ಲಿ ಕಾಲೇಜು ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಫೈನಲ್ ನಡೆಯಿತು. ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ತಂಡವು ಅಯೋವಾ ತಂಡವನ್ನು 102-85 ಅಂಕಗಳಿಂದ ಸೋಲಿಸಿತು. ಆಟ ಇನ್ನೇನು ಮುಗಿಯಲಿದೆ ಎನ್ನುವ ಹೊತ್ತಿಗೆ ಗೆದ್ದ ತಂಡದ ಏಂಜಲ್ ರೀಸ್, ಅಯೋವಾದ ತಾರೆ ಕೇಟ್ಲಿನ್ ಕ್ಲಾರ್ಕ್ ಅವರ ಕಡೆಗೆ ನಡೆಯುತ್ತಾ ತಮ್ಮ ಅಂಗೈಯನ್ನು ಮುಖದ ಮುಂದೆ ಅಲ್ಲಾಡಿಸಿದರು. ಬಳಿಕ, ಚಾಂಪಿಯನ್ನರಿಗೆ ಸಿಗುವ ಉಂಗುರ ಇಲ್ಲಿಗೆ ಬರುತ್ತದೆ ಎನ್ನುವಂತೆ ಬೆರಳನ್ನು ತೋರಿಸಿದರು. ಅಂಗೈ ಅಲ್ಲಾಡಿಸುವ ಆ ಸನ್ನೆ ಕುಸ್ತಿಪಟು ಜಾನ್ ಸೀನಾ ಅವರಿಂದ ಜನಪ್ರಿಯವಾದದ್ದು. 'ನಾನು ನಿನ್ನ ಕಣ್ಣಿಗೆ ಕಾಣಿಸುವುದೇ ಇಲ್ಲ' ಎಂಬುದು ಅದರ ಅರ್ಥ. ಒಂದು ವಾರದ ಹಿಂದಷ್ಟೇ, ಲೂಯಿವಿಲ್ ತಂಡದ ವಿರುದ್ಧ 41 ಅಂಕ ಗಳಿಸಿದ ಪಂದ್ಯದಲ್ಲಿ, ಇದೇ ಸನ್ನೆಯನ್ನು ಕ್ಲಾರ್ಕ್ ಮಾಡಿದ್ದರು.

ಕ್ಲಾರ್ಕ್ ಮಾಡಿದಾಗ ಆ ತುಣುಕು (ಈಗ ಎಕ್ಸ್ ಎಂಬ ಹೆಸರಿನ) ಟ್ವಿಟರ್‌ನಲ್ಲಿ ಕೆಚ್ಚಿನ, ಉತ್ಸಾಹದ ಗುರುತಾಗಿ ಹಂಚಿಕೆಯಾಯಿತು. ಸ್ವತಃ ಸೀನಾ ಅವರೇ ಮೆಚ್ಚಿ ಬರೆದರು. ರೀಸ್ ಮಾಡಿದಾಗ, ಲಕ್ಷಾಂತರ ಅನುಯಾಯಿಗಳುಳ್ಳ ಕ್ರೀಡಾ ಮಾಧ್ಯಮದ ಹೆಸರಾಂತರು ಅವರನ್ನು ಮರ್ಯಾದೆ ಗೊತ್ತಿಲ್ಲದವಳೆಂದೂ ಮೂರ್ಖಳೆಂದೂ ಕರೆದರು. ಕ್ಲಾರ್ಕ್ ಬಿಳಿಯ ಆಟಗಾರ್ತಿ, ರೀಸ್ ಕಪ್ಪುವರ್ಣೀಯ ಆಟಗಾರ್ತಿ. ಇಬ್ಬರ ಸನ್ನೆಗಳ ನಡುವೆ ವ್ಯತ್ಯಾಸವೇ ಇರಲಿಲ್ಲ ಎನ್ನಲಾಗದು. ರೀಸ್ ಎದುರಾಳಿಯನ್ನು ಹಿಂಬಾಲಿಸಿ ಹೋಗಿ ಆ ಸನ್ನೆ ಮಾಡಿದ್ದರು. ಆದರೆ ಅಷ್ಟು ವ್ಯತ್ಯಾಸಕ್ಕೆ ಒಬ್ಬರಿಗೆ ಚಪ್ಪಾಳೆ, ಇನ್ನೊಬ್ಬರಿಗೆ ಛೀಮಾರಿ ಎನ್ನುವಷ್ಟು ಅಂತರ ಹುಟ್ಟಲು ಸಾಧ್ಯವಿಲ್ಲ. ಎರಡು ದಿನಗಳ ಬಳಿಕ ಕ್ಲಾರ್ಕ್ ಅವರೇ ಟಿವಿ ಸಂದರ್ಶನದಲ್ಲಿ, ರೀಸ್ ಅವರನ್ನು ಟೀಕಿಸುವುದು ತಪ್ಪು ಎಂದರು. ಅಷ್ಟು ಹೊತ್ತಿಗೆ ಊರೆಲ್ಲ ತಮಟೆ ಬಾರಿಸಿಯಾಗಿತ್ತು.

ಕ್ರೀಡಾ ಮಾಧ್ಯಮವು ಜಾಲತಾಣಗಳಲ್ಲಿ ಹೆಣ್ಣನ್ನು ಮತ್ತು ಜನಾಂಗವನ್ನು ಹೇಗೆ ಚಿತ್ರಿಸುತ್ತದೆ ಎಂಬ ಪ್ರಶ್ನೆ ಬಂದಾಗಲೆಲ್ಲ ನಮ್ಮ ಗಮನ ನೇರವಾಗಿ ಕಾಮೆಂಟುಗಳ ಕಡೆಗೆ, ಅಲ್ಲಿನ ಹೊಲಸು ಬೈಗುಳಗಳ ಕಡೆಗೆ ಹೋಗುತ್ತದೆ. ಬೈಗುಳ ಕೊನೆಯ ಹಂತ. ಅದಕ್ಕೂ ಮೊದಲು ನಾಲ್ಕಾರು ಕೈಗಳು ಕೆಲಸ ಮಾಡಿರುತ್ತವೆ. ಎರಡೂವರೆ ಗಂಟೆಯ ಪಂದ್ಯದಲ್ಲಿ ಯಾವ ಎಂಟು ಸೆಕೆಂಡುಗಳನ್ನು ಕತ್ತರಿಸಬೇಕು ಎಂದು ಒಬ್ಬರು ತೀರ್ಮಾನಿಸುತ್ತಾರೆ. ಅದರ ಮೇಲೆ ಯಾವ ಸ್ತಬ್ಧಚಿತ್ರ ಇರಬೇಕು, ಕೆಳಗೆ ಯಾವ ಒಂದು ಸಾಲು ಇರಬೇಕು ಎಂದು ಇನ್ನೊಬ್ಬರು ತೀರ್ಮಾನಿಸುತ್ತಾರೆ. ಯಾರ ಫೋನಿನಲ್ಲಿ ಅದು ಮೇಲಕ್ಕೆ ಬರಬೇಕು ಎಂಬುದನ್ನು ಜಾಲತಾಣದ ಲೆಕ್ಕಾಚಾರ ನಿರ್ಧರಿಸುತ್ತದೆ. ಇಷ್ಟೆಲ್ಲ ಆದ ಮೇಲೆ ಓದುಗ ಬಾಯಿ ತೆರೆಯುತ್ತಾನೆ. ಪತ್ರಿಕೆಯ ವರದಿಯಲ್ಲಿ ತಲೆಬರಹ ತಪ್ಪಿದರೂ ಕೆಳಗಿನ ನಾಲ್ಕು ಪ್ಯಾರಾಗಳು ಅದನ್ನು ಸ್ವಲ್ಪವಾದರೂ ತಿದ್ದುತ್ತಿದ್ದವು. ಫೋನಿನಲ್ಲಿ ಆ ನಾಲ್ಕು ಪ್ಯಾರಾಗಳೇ ಇಲ್ಲ, ಅಡಿಬರಹವೇ ವರದಿ.

ಎಲ್ಲಕ್ಕಿಂತ ಮೊದಲ ತೀರ್ಮಾನ ಯಾರನ್ನು ತೋರಿಸಬೇಕು, ಯಾರನ್ನು ಬಿಡಬೇಕು ಎಂಬುದು. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಶೆರಿಲ್ ಕುಕಿ, ಮೈಕಲ್ ಮೆಸ್ನರ್ ಮತ್ತು ಅವರ ಸಂಗಡಿಗರು ಲಾಸ್ ಏಂಜಲೀಸ್‌ನ ಟಿವಿ ವಾಹಿನಿಗಳ ಕ್ರೀಡಾಸುದ್ದಿಯನ್ನೂ ಇಎಸ್‌ಪಿಎನ್ ವಾಹಿನಿಯ ಮುಖ್ಯ ಕ್ರೀಡಾ ವಾರ್ತೆಯನ್ನೂ ಐದೈದು ವರ್ಷಗಳಿಗೊಮ್ಮೆ ಅಳೆಯುತ್ತಾ ಬಂದಿದ್ದಾರೆ. 1989ರಲ್ಲಿ ಟಿವಿ ಸಮಯದ ಶೇ 5ರಷ್ಟು ಮಹಿಳಾ ಕ್ರೀಡೆಗೆ ಸಿಕ್ಕಿತ್ತು. ಮೂವತ್ತು ವರ್ಷಗಳ ಬಳಿಕ, 2019ರಲ್ಲಿ, ಅದು ಶೇ 5.4. ಅದೇ ವರ್ಷದ ಮಹಿಳಾ ಫುಟ್‌ಬಾಲ್ ವಿಶ್ವಕಪ್ಪಿನ ಸುದ್ದಿಯನ್ನು ಹೊರಗಿಟ್ಟರೆ ಉಳಿದದ್ದು ಶೇ 3.5 ಮಾತ್ರ. ಆ ಬಾರಿ ಅವರು ಮೊದಲ ಸಲ ಮಾಧ್ಯಮ ಸಂಸ್ಥೆಗಳ ಟ್ವಿಟರ್ ಖಾತೆಗಳನ್ನೂ ನೋಡಿದರು. ಅಲ್ಲಿ ಮಹಿಳಾ ಕ್ರೀಡೆಯ ಪಾಲು ಸುಮಾರು ಶೇ 10 ಇತ್ತು. ಟಿವಿಗಿಂತ ಇಮ್ಮಡಿ ಎಂದು ಸಮಾಧಾನಪಡುವವರಿದ್ದಾರೆ. ನನಗೆ ಆ ಸಮಾಧಾನ ಸಾಲುವುದಿಲ್ಲ. ಪುಟದಲ್ಲಿ ಜಾಗವಿಲ್ಲ, ವಾರ್ತೆಯಲ್ಲಿ ಸಮಯವಿಲ್ಲ ಎಂಬುದು ದಶಕಗಳ ಕಾಲ ಕೇಳಿಬಂದ ನೆಪ. ಟ್ವಿಟರ್‌ಗೆ ಪುಟದ ಮಿತಿಯೂ ಇಲ್ಲ, ಗಡಿಯಾರದ ಮಿತಿಯೂ ಇಲ್ಲ. ಅಲ್ಲೂ ಹತ್ತರಲ್ಲಿ ಒಂಬತ್ತು ಪಾಲು ಗಂಡಸರ ಆಟವೇ ಎಂದರೆ ಕೊರತೆ ಜಾಗದ್ದಾಗಿರಲಿಲ್ಲ.

ಇದೇ ಸಂಶೋಧಕರು ಗುರುತಿಸಿದ ಇನ್ನೊಂದು ಸಂಗತಿ ಹೆಚ್ಚು ಸೂಕ್ಷ್ಮವಾದದ್ದು. 1990ರ ದಶಕದಲ್ಲಿ ಆಟಗಾರ್ತಿಯರನ್ನು ಗೇಲಿ ಮಾಡುವುದು, ಅವರ ಮೈಮಾಟದ ಬಗ್ಗೆ ಮಾತಾಡುವುದು ಸಾಮಾನ್ಯವಾಗಿತ್ತು. ಅದು ಕಡಿಮೆಯಾಗಿದೆ. ಅದರ ಬದಲಿಗೆ ಬಂದಿರುವುದು ಸಪ್ಪೆತನ: ಗೌರವವಿದೆ, ಉಪ್ಪುಖಾರವಿಲ್ಲ. ಗಂಡಸರ ಪಂದ್ಯವನ್ನು ಏರುದನಿಯಲ್ಲಿ, ರೂಪಕಗಳ ಮಳೆಯಲ್ಲಿ ವರ್ಣಿಸುವ ಅದೇ ವರದಿಗಾರ ಹೆಂಗಸರ ಪಂದ್ಯಕ್ಕೆ ಬಂದಾಗ ಅಂಕಪಟ್ಟಿ ಓದಿ ಮುಗಿಸುತ್ತಾನೆ. ಇದನ್ನು ಓದುವಾಗ ನನಗೆ ನೆನಪಾಗುವುದು ನಮ್ಮ ಕನ್ನಡದ ತಲೆಬರಹಗಳೇ. ಪುರುಷರ ತಂಡ ಗೆದ್ದರೆ ಎದುರಾಳಿ 'ಧೂಳೀಪಟ', ಬ್ಯಾಟ್ಸ್‌ಮನ್ನನದು 'ಆರ್ಭಟ', ಬೌಲರನದು 'ಮಾರಕ ದಾಳಿ'. ಮಹಿಳಾ ತಂಡ ಗೆದ್ದರೆ ಬಹಳಷ್ಟು ಸಲ 'ವನಿತೆಯರಿಗೆ ಜಯ' ಎನ್ನುವುದರಲ್ಲೇ ಮುಗಿಯುತ್ತದೆ. ಯಾರೂ ಅವಮಾನ ಮಾಡಿಲ್ಲ. ಆದರೆ ಮೊದಲ ಸಾಲನ್ನು ಓದಿದವನು ವೀಡಿಯೊ ಒತ್ತುತ್ತಾನೆ, ಎರಡನೆಯದನ್ನು ಓದಿದವನು ಮುಂದಕ್ಕೆ ಸರಿಸುತ್ತಾನೆ. ಆಮೇಲೆ ಮಹಿಳಾ ಕ್ರಿಕೆಟ್ಟನ್ನು ಯಾರೂ ನೋಡುವುದಿಲ್ಲ ಎಂಬ ವಾದಕ್ಕೆ ಆ ಸರಿಸುವಿಕೆಯೇ ಪುರಾವೆಯಾಗುತ್ತದೆ.

ಹೆಸರಿನ ವಿಷಯವೂ ಅಷ್ಟೇ ಮುಖ್ಯ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕೋರಿ ಕಾಗ್ಡೆಲ್ ಎಂಬ ಶೂಟರ್ ಟ್ರ್ಯಾಪ್ ವಿಭಾಗದಲ್ಲಿ ಕಂಚು ಗೆದ್ದರು. ಅದು ಅವರ ಎರಡನೆಯ ಒಲಿಂಪಿಕ್ ಪದಕ; ಮೊದಲನೆಯದು 2008ರ ಬೀಜಿಂಗ್‌ನಲ್ಲಿ ಬಂದಿತ್ತು. ಶಿಕಾಗೊ ಟ್ರಿಬ್ಯೂನ್ ಪತ್ರಿಕೆ ಆ ಸುದ್ದಿಯನ್ನು ಟ್ವಿಟರ್‌ನಲ್ಲಿ ಹಾಕಿದಾಗ, ನಗರದ ಬೇರ್ಸ್ ಫುಟ್‌ಬಾಲ್ ತಂಡದ ಆಟಗಾರನೊಬ್ಬನ ಹೆಂಡತಿ ರಿಯೊದಲ್ಲಿ ಕಂಚು ಗೆದ್ದಿದ್ದಾಳೆ ಎಂದು ಬರೆಯಿತು. ಗೆದ್ದವಳ ಹೆಸರಾಗಲಿ, ಆಕೆ ಗೆದ್ದ ಕ್ರೀಡೆಯ ಹೆಸರಾಗಲಿ ಆ ಸಾಲಿನಲ್ಲಿ ಇರಲಿಲ್ಲ. ಸ್ಥಳೀಯ ಓದುಗರಿಗೆ ಸುದ್ದಿಯನ್ನು ಹತ್ತಿರ ಮಾಡುವ ಉದ್ದೇಶ ಅಲ್ಲಿದ್ದಿರಬಹುದು. ಆದರೆ ಹತ್ತಿರ ಮಾಡಲು ಸಿಕ್ಕ ದಾರಿ ಗಂಡನದೇ ಆಗಿತ್ತು ಎನ್ನುವುದು ಆ ಒಂದು ಸಾಲಿನ ಕಥೆ.

ನಮ್ಮಲ್ಲಿ ಇದಕ್ಕೆ ಸಮನಾದದ್ದು ವಿಶೇಷಣಗಳ ಬಳಕೆ. ಸಾನಿಯಾ ಮಿರ್ಜಾ ಆರು ಗ್ರ್ಯಾಂಡ್‌ಸ್ಲಾಮ್ ಡಬಲ್ಸ್ ಪ್ರಶಸ್ತಿಗಳನ್ನು ಗೆದ್ದವರು, 2015ರಲ್ಲಿ ಡಬಲ್ಸ್‌ನಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೇರಿದವರು. ಕನ್ನಡದ ಮಾಧ್ಯಮ ಅವರನ್ನು ವರ್ಷಗಟ್ಟಲೆ ಕರೆದದ್ದು 'ಮೂಗುತಿ ಸುಂದರಿ' ಎಂದು. ಅವರ ಫೋರ್‌ಹ್ಯಾಂಡ್ ಹೊಡೆತಕ್ಕೆ ಎದುರಾಳಿಗಳು ಹೆದರುತ್ತಿದ್ದರು. ಆ ಹೊಡೆತಕ್ಕೆ ನಮ್ಮ ಭಾಷೆಯಲ್ಲಿ ಒಂದು ಬಿರುದು ಹುಟ್ಟಲಿಲ್ಲ, ಮೂಗುತಿಗೆ ಹುಟ್ಟಿತು. ಬರೆದವರಿಗೆ ಕೆಟ್ಟ ಮನಸ್ಸು ಇತ್ತೆಂದು ನಾನು ಭಾವಿಸುವುದಿಲ್ಲ. ಅದು ಮೆಚ್ಚುಗೆಯ ಮಾತೆಂದೇ ಅವರು ಬರೆದಿರಬೇಕು. ಈ ಬಗೆಯ ಚಿತ್ರಣವನ್ನು ಹಿಡಿಯುವುದು ಕಷ್ಟವಾಗುವುದು ಇದೇ ಕಾರಣಕ್ಕೆ. 2017ರ ವಿಶ್ವಕಪ್ಪಿಗೆ ಮುನ್ನ ಮಿಥಾಲಿ ರಾಜ್ ಅವರನ್ನು ಪತ್ರಕರ್ತರೊಬ್ಬರು, ನಿಮ್ಮ ಮೆಚ್ಚಿನ ಪುರುಷ ಕ್ರಿಕೆಟಿಗ ಯಾರು ಎಂದು ಕೇಳಿದರು. ಇದೇ ಪ್ರಶ್ನೆಯನ್ನು ಪುರುಷ ಆಟಗಾರನಿಗೆ ಕೇಳುತ್ತೀರಾ, ಅವರ ಮೆಚ್ಚಿನ ಆಟಗಾರ್ತಿ ಯಾರೆಂದು ವಿಚಾರಿಸುತ್ತೀರಾ ಎಂದು ಮಿಥಾಲಿ ತಿರುಗಿ ಕೇಳಿದರು. ಆ ಉತ್ತರದ ತುಣುಕು ದೇಶದ ತುಂಬ ಹರಡಿತು.

2024ರ ಮಾರ್ಚ್ 17ರ ರಾತ್ರಿಯನ್ನೂ ಇಲ್ಲಿ ನೆನೆಯಬೇಕು. ಮಹಿಳಾ ಪ್ರೀಮಿಯರ್ ಲೀಗ್ ಫೈನಲ್‌ನಲ್ಲಿ ವಿಕೆಟ್ ನಷ್ಟವಿಲ್ಲದೆ 64 ರನ್ ಗಳಿಸಿದ್ದ ಡೆಲ್ಲಿ ತಂಡವನ್ನು ಸೋಫಿ ಮೊಲಿನ್ಯೂ ಒಂದೇ ಓವರಿನಲ್ಲಿ ಮೂರು ವಿಕೆಟ್ ಕಿತ್ತು ತಡೆದರು. ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ ಕೊಟ್ಟು ನಾಲ್ಕು ವಿಕೆಟ್ ಪಡೆದರು. ಡೆಲ್ಲಿ 113ಕ್ಕೆ ಮುಗಿಯಿತು, ಬೆಂಗಳೂರು ಎಂಟು ವಿಕೆಟ್‌ಗಳಿಂದ ಗೆದ್ದಿತು. 'ಈ ಸಲ ಕಪ್ ನಮ್ದೇ' ಎಂಬ ಹಾರೈಕೆಯನ್ನು ಸ್ಮೃತಿ ಮಂದಾನ 'ಈ ಸಲ ಕಪ್ ನಮ್ದು' ಎಂಬ ಘೋಷಣೆಯಾಗಿ ಬದಲಿಸಿದರು. ಎಂ.ಜಿ. ರಸ್ತೆಯಲ್ಲಿ ಜನ ಕುಣಿದರು. ಆದರೆ ಅದೇ ರಾತ್ರಿ ಫೋನುಗಳಲ್ಲಿ ಹರಿದಾಡಿದ ಚಿತ್ರಗಳಲ್ಲಿ ಬಹುಪಾಲು ಪುರುಷರ ತಂಡವನ್ನು ಕುರಿತವು: ಹದಿನಾರು ವರ್ಷ ಗಂಡಸರಿಂದ ಆಗದ್ದನ್ನು ಹೆಂಗಸರು ಎರಡೇ ವರ್ಷದಲ್ಲಿ ಮಾಡಿದರು ಎಂಬ ಒಂದೇ ನಗೆಮಾತಿನ ನೂರು ರೂಪಗಳು. ಮೊಲಿನ್ಯೂ ಅವರ ಆ ಓವರನ್ನು, ಶ್ರೇಯಾಂಕಾ ಚೆಂಡನ್ನು ಹೇಗೆ ನಿಧಾನಿಸಿ ಬಿಟ್ಟರು ಎಂಬುದನ್ನು ವಿವರಿಸಿದ ಪೋಸ್ಟುಗಳನ್ನು ಹುಡುಕಿ ನೋಡಬೇಕಿತ್ತು. ಮಹಿಳೆಯರ ಗೆಲುವು ಗಂಡಸರ ಸೋಲಿನ ಅಳತೆಗೋಲಾಗಿ ಬಳಕೆಯಾದ ಆ ರಾತ್ರಿ ನನಗೆ ಸಂತೋಷದ ಜೊತೆ ಒಂದು ಬೇಸರವನ್ನೂ ಉಳಿಸಿದೆ.

ಜನಾಂಗದ ಚಿತ್ರಣ ಹೆಚ್ಚಾಗಿ ಹೊಗಳಿಕೆಯ ಮೂಲಕವೇ ಕೆಲಸ ಮಾಡುತ್ತದೆ. 2020ರಲ್ಲಿ ರನ್‌ರಿಪೀಟ್ ಎಂಬ ಸಂಸ್ಥೆ ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಆಟಗಾರರ ಸಂಘದ ಸಹಯೋಗದಲ್ಲಿ, ಯುರೋಪಿನ ಲೀಗ್‌ಗಳ 80 ಪಂದ್ಯಗಳ ಇಂಗ್ಲಿಷ್ ವೀಕ್ಷಕ ವಿವರಣೆಯನ್ನು ಕೇಳಿ, ಆಟಗಾರರ ಬಗ್ಗೆ ಆಡಿದ ಎರಡು ಸಾವಿರಕ್ಕೂ ಹೆಚ್ಚು ಮಾತುಗಳನ್ನು ವಿಂಗಡಿಸಿತು. ಬುದ್ಧಿವಂತಿಕೆಯ ಬಗೆಗಿನ ಹೊಗಳಿಕೆಯಲ್ಲಿ ಶೇ 62.6ರಷ್ಟು ತಿಳಿಬಣ್ಣದ ಆಟಗಾರರ ಪಾಲಾಗಿತ್ತು. ಬಲದ ಬಗ್ಗೆ ಮಾತು ಬಂದಾಗ ಅದು ಕಪ್ಪುಬಣ್ಣದ ಆಟಗಾರನ ಬಗೆಗಿನದಾಗಿರುವ ಸಾಧ್ಯತೆ ಆರೂವರೆ ಪಟ್ಟು ಹೆಚ್ಚಿತ್ತು. ವೇಗದ ಮಾತಾದರೆ ಮೂರು ಪಟ್ಟಿಗೂ ಹೆಚ್ಚು. ಒಬ್ಬನ ಗೋಲು ಯೋಚನೆಯಿಂದ ಬಂತು, ಇನ್ನೊಬ್ಬನ ಗೋಲು ತೊಡೆಯ ಸ್ನಾಯುವಿನಿಂದ ಬಂತು ಎಂದಂತೆ. ಕೇಳುವಾಗ ಎರಡೂ ಹೊಗಳಿಕೆಯೇ. ಆದರೆ ಮುಂದೊಂದು ದಿನ ತರಬೇತುದಾರನ ಹುದ್ದೆಗೆ ಹೆಸರು ಹುಡುಕುವಾಗ ಜನರ ಮನಸ್ಸಿಗೆ ಯಾರು ಮೊದಲು ಬರುತ್ತಾರೆ ಎಂಬುದನ್ನು ಈ ಮಾತುಗಳೇ ಸದ್ದಿಲ್ಲದೆ ತೀರ್ಮಾನಿಸಿರುತ್ತವೆ.

ಬೆಂಗಳೂರಿನ ಅಭಿಮಾನಿಗಳಿಗೆ ಇದನ್ನು ಮನದಟ್ಟು ಮಾಡಲು ದೂರ ಹೋಗಬೇಕಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣ ತನ್ನ ಮಕ್ಕಳಂತೆ ಪ್ರೀತಿಸಿದ ಇಬ್ಬರು ಪರದೇಶಿ ಆಟಗಾರರಲ್ಲಿ ಎ.ಬಿ. ಡಿವಿಲಿಯರ್ಸ್ 'ಮಿಸ್ಟರ್ 360 ಡಿಗ್ರಿ', ಕ್ರಿಸ್ ಗೇಲ್ 'ಕೆರಿಬಿಯನ್ ದೈತ್ಯ'. ಮೊದಲನೆಯದು ಮೈದಾನದ ಮೂಲೆಮೂಲೆಯನ್ನೂ ಅರಿತ ಕೌಶಲದ ಹೆಸರು. ಎರಡನೆಯದು ದೇಹದ ಹೆಸರು. ಗೇಲ್ ಆಜಾನುಬಾಹು ಎಂಬುದು ನಿಜ. ಆದರೆ 2013ರ ಏಪ್ರಿಲ್ 23ರಂದು ಪುಣೆ ವಿರುದ್ಧ ಔಟಾಗದೆ 175 ರನ್ ಹೊಡೆದ ಆ ಇನಿಂಗ್ಸನ್ನು ಮತ್ತೆ ನೋಡಿದವರಿಗೆ ಕಾಣುವುದು ಅಲ್ಲಾಡದ ತಲೆ, ಚೆಂಡಿನ ಉದ್ದವನ್ನು ಎಲ್ಲರಿಗಿಂತ ಮೊದಲೇ ಅಳೆಯುವ ಕಣ್ಣು. ಅದಕ್ಕೆ ನಾವು ಹೆಸರಿಡಲಿಲ್ಲ.

ಈ 'ಹುಟ್ಟು ಬಲ'ದ ನಂಬಿಕೆ ಕರ್ನಾಟಕದ ನೆಲದಲ್ಲಿ ಸರ್ಕಾರಿ ಯೋಜನೆಯ ರೂಪವನ್ನೂ ಪಡೆದಿತ್ತು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಸಮುದಾಯದ ಮಕ್ಕಳನ್ನು ಆಯ್ದು ತರಬೇತಿಗೆ ಕರೆದೊಯ್ದಿತು. ಆಫ್ರಿಕಾ ಮೂಲದವರಾದ್ದರಿಂದ ಓಟ, ಜಿಗಿತ ಅವರಿಗೆ ರಕ್ತದಲ್ಲೇ ಬಂದಿರುತ್ತದೆ ಎಂಬುದು ಆ ಆಯ್ಕೆಯ ಹಿಂದಿನ ತರ್ಕ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಈ ಸಮುದಾಯ ಬದುಕುತ್ತಿದೆ. ಆಯ್ಕೆಯಾದ ಕೆಲವರು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು. ಯೋಜನೆ ಮಾತ್ರ 1990ರ ದಶಕದ ಆರಂಭದಲ್ಲೇ ನಿಂತುಹೋಯಿತು. ರಕ್ತವೇ ಪದಕ ತರುತ್ತದೆ ಎಂದು ನಂಬಿದವರಿಗೆ ಪೌಷ್ಟಿಕ ಆಹಾರ, ಓದು, ಉದ್ಯೋಗದ ಭರವಸೆ, ಹತ್ತಾರು ವರ್ಷಗಳ ತಾಳ್ಮೆ ಎಷ್ಟು ಮುಖ್ಯವೆಂದು ತೋಚುವುದು ಕಷ್ಟ. ಸಿದ್ದಿ ಯುವಕರ ಓಟದ ತುಣುಕುಗಳು ಈಗ ಫೋನಿನಲ್ಲಿ ಕಾಣಿಸಿಕೊಂಡಾಗ, ಅವರ ಅಭ್ಯಾಸದ ಬೆವರಿಗಿಂತ ಅವರ ಮೂಲವನ್ನೇ ಮುಂದಿಡುವ ಅಡಿಬರಹ ಬರೆಯುವವರು ಆ ಹಳೆಯ ಕಡತವನ್ನೇ ಮತ್ತೆ ತೆರೆಯುತ್ತಿದ್ದಾರೆ.

ಹೆಣ್ಣು ಮತ್ತು ಬಣ್ಣ ಒಂದೇ ಮೈಯಲ್ಲಿ ಸೇರಿದಾಗ ಚಿತ್ರಣ ಹೇಗೆ ಬಿಗಿಯಾಗುತ್ತದೆ ಎಂಬುದಕ್ಕೆ 2018ರ ಅಮೆರಿಕ ಓಪನ್ ಫೈನಲ್ಲಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿಯದು. ಸೆಪ್ಟೆಂಬರ್ 8ರಂದು ಇಪ್ಪತ್ತು ವರ್ಷದ ನವೊಮಿ ಒಸಾಕಾ 6-2, 6-4ರಿಂದ ಸೆರೆನಾ ವಿಲಿಯಮ್ಸ್ ಅವರನ್ನು ಸೋಲಿಸಿದರು. ಅಂಪೈರ್ ಕಾರ್ಲೋಸ್ ರಾಮೋಸ್ ಮೂರು ನಿಯಮಭಂಗಗಳಿಗಾಗಿ ಸೆರೆನಾಗೆ ಒಂದು ಗೇಮಿನ ದಂಡ ವಿಧಿಸಿದ್ದರು. ಸೆರೆನಾ ಸಿಟ್ಟಾಗಿ ರಾಕೆಟ್ ಒಡೆದಿದ್ದರು, ವಾದಿಸಿದ್ದರು. ಎರಡು ದಿನಗಳ ಬಳಿಕ ಮೆಲ್ಬರ್ನ್‌ನ ಹೆರಾಲ್ಡ್ ಸನ್ ಪತ್ರಿಕೆಯಲ್ಲಿ ಮಾರ್ಕ್ ನೈಟ್ ಅವರ ವ್ಯಂಗ್ಯಚಿತ್ರ ಬಂತು. ದಪ್ಪ ತುಟಿ, ಅಗಲ ಮೂಗು, ಕೆದರಿದ ಕೂದಲಿನ ಸೆರೆನಾ ಮುರಿದ ರಾಕೆಟ್ ಮೇಲೆ ಕುಣಿಯುತ್ತಿದ್ದಾರೆ. ಪಕ್ಕದಲ್ಲಿ ಮಗು ಚೀಪುವ ನಿಪ್ಪಲ್ ಬಿದ್ದಿದೆ. ಹಿನ್ನೆಲೆಯಲ್ಲಿ ಅಂಪೈರ್ ಎದುರಾಳಿಯ ಕಡೆ ಬಾಗಿ, ಆಕೆಯನ್ನು ಗೆಲ್ಲಲು ಬಿಟ್ಟುಬಿಡಬಾರದೇ ಎಂದು ಕೇಳುತ್ತಿದ್ದಾರೆ. ನೈಟ್ ಅದನ್ನು ಟ್ವಿಟರ್‌ನಲ್ಲಿ ಹಾಕಿದ ಮೇಲೆ ಜಗತ್ತಿನೆಲ್ಲೆಡೆಯಿಂದ ಆಕ್ಷೇಪಗಳು ಬಂದವು. ಚಿತ್ರ ಕೆಟ್ಟ ವರ್ತನೆಯನ್ನು ಟೀಕಿಸುತ್ತದೆಯೇ ಹೊರತು ಜನಾಂಗವನ್ನಲ್ಲ ಎಂದು ಪತ್ರಿಕೆ ಸಮರ್ಥಿಸಿಕೊಂಡಿತು. 2019ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಪತ್ರಿಕಾ ಮಂಡಳಿ ಅದು ಪತ್ರಿಕಾ ಮಾನದಂಡಗಳನ್ನು ಮುರಿದಿಲ್ಲ ಎಂದು ತೀರ್ಪಿತ್ತಿತು.

ಎಲ್ಲರೂ ಸೆರೆನಾ ಅವರ ಮುಖವನ್ನು ಕುರಿತು ಜಗಳವಾಡುತ್ತಿದ್ದಾಗ ಚಿತ್ರದ ಹಿನ್ನೆಲೆಯನ್ನು ನೋಡಿದವರಿಗೆ ಇನ್ನೊಂದು ಸಂಗತಿ ಕಂಡಿತು. ಅಂಪೈರ್ ಎದುರು ನಿಂತಿದ್ದ ಒಸಾಕಾ ಅಲ್ಲಿ ಹೊಂಬಣ್ಣದ ಕೂದಲಿನ, ಬಿಳಿ ಮೈಯ ತೆಳ್ಳನೆಯ ಹುಡುಗಿ. ಒಸಾಕಾ ಅವರ ತಾಯಿ ಜಪಾನಿನವರು, ತಂದೆ ಹೈಟಿಯವರು. ಅವರ ಮೈಬಣ್ಣ ಕಂದು. ಒಬ್ಬಳನ್ನು ಅತಿಯಾಗಿ ಕಪ್ಪಾಗಿಸಿದ ಅದೇ ಕುಂಚ ಇನ್ನೊಬ್ಬಳ ಕಪ್ಪನ್ನು ಅಳಿಸಿತ್ತು: ಕೂಗಾಡುವವಳು ಕಪ್ಪು, ಸಂಭಾವಿತೆ ಬಿಳಿ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, 2019ರ ಜನವರಿಯಲ್ಲಿ, ಒಸಾಕಾ ಅವರ ಪ್ರಾಯೋಜಕ ಸಂಸ್ಥೆಯಾದ ಜಪಾನಿನ ನೂಡಲ್ಸ್ ಕಂಪನಿ ನಿಸ್ಸಿನ್ ಒಂದು ಅನಿಮೇಷನ್ ಜಾಹೀರಾತು ಹೊರತಂದಿತು. ಅದರಲ್ಲೂ ಒಸಾಕಾ ಅವರಿಗೆ ತಿಳಿಬಣ್ಣದ ಚರ್ಮ, ತಿಳಿಕಂದು ಕೂದಲು. ಆಕ್ಷೇಪ ಬಂದ ಮೇಲೆ ಕಂಪನಿ ಕ್ಷಮೆ ಕೇಳಿ ಅದನ್ನು ತೆಗೆಯಿತು. ಒಂದು ಚಿತ್ರ ಟೀಕೆಗೆಂದು ಬರೆದದ್ದು, ಇನ್ನೊಂದು ಸಂಭ್ರಮಕ್ಕೆಂದು. ಎರಡು ಖಂಡಗಳ ಎರಡು ಕೈಗಳು ಒಬ್ಬಳೇ ಹೆಣ್ಣುಮಗಳ ಮೈಯಿಂದ ಒಂದೇ ವಸ್ತುವನ್ನು ಒರೆಸಿ ತೆಗೆದವು.

ಇಂಥ ಚಿತ್ರಣದ ಫಲ ಯಾರ ಮಡಿಲಿಗೆ ಬೀಳುತ್ತದೆ ಎಂಬುದನ್ನು ಅಳೆದವರಿದ್ದಾರೆ. 2021ರ ಟೋಕಿಯೊ ಒಲಿಂಪಿಕ್ಸ್ ವೇಳೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 161 ಅಥ್ಲೀಟ್‌ಗಳ ಟ್ವಿಟರ್ ಖಾತೆಗಳಿಗೆ ಬಂದ ಸಂದೇಶಗಳನ್ನು ಪರಿಶೀಲಿಸಿತು. ಗುರುತಿಸಲಾದ 132 ನಿಂದನೆಗಳಲ್ಲಿ 115 ಮಹಿಳೆಯರಿಗೆ ಬಂದವು. ಒಟ್ಟು ನಿಂದನೆಯ ಶೇ 63ರಷ್ಟು ಇಬ್ಬರೇ ಅಥ್ಲೀಟ್‌ಗಳ ಮೇಲೆ ಬಿದ್ದಿತ್ತು. ಇಬ್ಬರೂ ಕಪ್ಪುವರ್ಣೀಯ ಮಹಿಳೆಯರು. ಸಂಖ್ಯೆ ಸಣ್ಣದೆನಿಸಬಹುದು. ಆದರೆ ನೂರಾರು ಜನರ ನಡುವಿನಿಂದ ಇಬ್ಬರನ್ನೇ ಆರಿಸಿ ಕಲ್ಲು ಬೀರುವ ಆ ಕೇಂದ್ರೀಕರಣವೇ ಇಲ್ಲಿ ನೋಡಬೇಕಾದದ್ದು.

ಇನ್ನು ಜಾಲತಾಣದ ಯಂತ್ರದ ಮಾತು. ಸುದ್ದಿಪತ್ರಿಕೆಯ ಮುಖಪುಟವನ್ನು ಒಬ್ಬ ಸಂಪಾದಕ ಜೋಡಿಸುತ್ತಿದ್ದ. ಫೋನಿನ ಮುಖಪುಟವನ್ನು ಜೋಡಿಸುವುದು, ಜನ ಯಾವುದಕ್ಕೆ ಹೆಚ್ಚು ಪ್ರತಿಕ್ರಿಯಿಸುತ್ತಾರೆ ಎಂಬ ಲೆಕ್ಕ. 2017ರಿಂದ ಕೆಲಕಾಲ ಫೇಸ್‌ಬುಕ್, ಸಿಟ್ಟಿನ ಮುಖವೂ ಸೇರಿದಂತೆ ಭಾವಚಿಹ್ನೆಗಳಿಗೆ ಸಾಮಾನ್ಯ ಲೈಕ್‌ಗಿಂತ ಐದು ಪಟ್ಟು ತೂಕ ಕೊಟ್ಟಿತ್ತು ಎಂಬುದು ಕಂಪನಿಯ ಒಳದಾಖಲೆಗಳಿಂದ 2021ರಲ್ಲಿ ಬಯಲಾಯಿತು. ಸಿಟ್ಟಿನ ಚಿಹ್ನೆಯ ತೂಕವನ್ನು ಕಂಪನಿ ಹಂತಹಂತವಾಗಿ ಇಳಿಸಿ ಕೊನೆಗೆ ಸೊನ್ನೆಗೆ ತಂದಿತಾದರೂ, ಹೆಚ್ಚು ಕಾಮೆಂಟ್ ಬಂದದ್ದು ಹೆಚ್ಚು ಜನರಿಗೆ ತಲುಪುತ್ತದೆ ಎಂಬ ಮೂಲತತ್ತ್ವ ಎಲ್ಲ ವೇದಿಕೆಗಳಲ್ಲೂ ಉಳಿದಿದೆ. ಮಾಧ್ಯಮ ಸಂಸ್ಥೆಯಲ್ಲಿ ಕುಳಿತು ಅಡಿಬರಹ ಬರೆಯುವ ಹುಡುಗನಿಗೂ ಹುಡುಗಿಗೂ ಇದು ಚೆನ್ನಾಗಿ ಗೊತ್ತು. 'ರೀಸ್ ಗೆದ್ದರು' ಎಂದರೆ ನೂರು ಲೈಕ್. 'ರೀಸ್ ಮಾಡಿದ್ದು ಸರಿಯೇ?' ಎಂದರೆ ಸಾವಿರ ಕಾಮೆಂಟ್. ಪ್ರಶ್ನಾರ್ಥಕ ಚಿಹ್ನೆಯ ಹಿಂದೆ ಅಡಗಿ, ತಾನು ಏನನ್ನೂ ಹೇಳಿಲ್ಲ ಎಂದು ಸಂಸ್ಥೆ ಕೈತೊಳೆದುಕೊಳ್ಳಬಹುದು. ಬೈಯುವ ಕೆಲಸವನ್ನು ಓದುಗ ಮಾಡುತ್ತಾನೆ, ಅದರ ಲಾಭ ಪುಟಕ್ಕೆ ಸೇರುತ್ತದೆ.

ಬೈಗುಳಗಳನ್ನು ಸೋಸುವ ಯಂತ್ರವೂ ಎಡವುತ್ತದೆ. 2021ರ ಜುಲೈ 11ರಂದು ಯೂರೊ ಫುಟ್‌ಬಾಲ್ ಫೈನಲ್‌ನಲ್ಲಿ ಪೆನಾಲ್ಟಿ ತಪ್ಪಿಸಿದ ಇಂಗ್ಲೆಂಡಿನ ಮಾರ್ಕಸ್ ರಾಶ್‌ಫೋರ್ಡ್, ಜೇಡನ್ ಸ್ಯಾಂಚೊ, ಬುಕಾಯೊ ಸಾಕಾ ಅವರ ಪುಟಗಳಲ್ಲಿ ಕೋತಿಯ ಚಿಹ್ನೆಗಳ ಸಾಲು ಹರಿಯಿತು. ಪದ ಬರೆಯದೆ ಚಿಹ್ನೆ ಒತ್ತಿದವರನ್ನು ಇನ್‌ಸ್ಟಾಗ್ರಾಂನ ಯಂತ್ರ ನಿರಪಾಯವೆಂದು ಬಿಟ್ಟಿತ್ತು. ತಪ್ಪಾಗಿದೆಯೆಂದು ಅದರ ಮುಖ್ಯಸ್ಥರೇ ಒಪ್ಪಿಕೊಂಡರು. ಟ್ವಿಟರ್ ಫೈನಲ್ ವೇಳೆ ಮತ್ತು ಮುಂದಿನ 24 ಗಂಟೆಗಳಲ್ಲಿ 1,622 ಟ್ವೀಟ್‌ಗಳನ್ನು ತೆಗೆಯಿತು. ತಾನು ಶಾಶ್ವತವಾಗಿ ಮುಚ್ಚಿದ ಖಾತೆಗಳಲ್ಲಿ ಶೇ 99ರ ಹಿಂದಿದ್ದವರು ಯಾರೆಂದು ಗುರುತಿಸಬಹುದಿತ್ತು ಎಂದೂ ಹೇಳಿತು. ಮುಖವಿಲ್ಲದವರು ಬೈಯುತ್ತಾರೆ ಎಂಬ ನಮ್ಮ ನಂಬಿಕೆಯನ್ನು ಆ ಅಂಕಿ ಅಲ್ಲಾಡಿಸುತ್ತದೆ. ಇಂಗ್ಲಿಷಿನಲ್ಲೇ ಹೀಗಾದರೆ, ಕನ್ನಡದ ಬೈಗುಳವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬೇಕಾದ ಕಾಗುಣಿತದಲ್ಲಿ ಬರೆದಾಗ ಯಂತ್ರ ಅದನ್ನು ಹಿಡಿಯುವುದು ಇನ್ನಷ್ಟು ಕಷ್ಟ.

ಭಾರತದಲ್ಲಿ ಜನಾಂಗದ ಜಾಗದಲ್ಲಿ ಹಲವು ಸಲ ಜಾತಿ ಮತ್ತು ಧರ್ಮ ಬಂದು ನಿಲ್ಲುತ್ತವೆ. 2021ರ ಅಕ್ಟೋಬರ್ 24ರಂದು ಪಾಕಿಸ್ತಾನದ ಎದುರು ಭಾರತ ಹತ್ತು ವಿಕೆಟ್‌ಗಳಿಂದ ಸೋತಾಗ ಹನ್ನೊಂದು ಜನ ಸೋತಿದ್ದರು. ಬೈಗುಳ ಮಾತ್ರ ಮೊಹಮ್ಮದ್ ಶಮಿ ಅವರ ಧರ್ಮವನ್ನು ಹುಡುಕಿಕೊಂಡು ಹೋಯಿತು. ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಶಮಿ ಪರ ನಿಂತರು. ಬಣ್ಣದ ಮಾತೂ ನಮಗೆ ಹೊರಗಿನದೇನಲ್ಲ. ವೆಸ್ಟ್ ಇಂಡೀಸ್ ನಾಯಕರಾಗಿದ್ದ ಡ್ಯಾರೆನ್ ಸ್ಯಾಮಿ ಹೈದರಾಬಾದ್ ಐಪಿಎಲ್ ತಂಡದಲ್ಲಿ ಆಡುವಾಗ ಅವರನ್ನು 'ಕಾಲೂ' (ಹಿಂದಿಯಲ್ಲಿ 'ಕರಿಯ') ಎಂದು ಕರೆಯುತ್ತಿದ್ದರು. 2014ರಲ್ಲಿ ಸಹ ಆಟಗಾರರೊಬ್ಬರು ಇನ್‌ಸ್ಟಾಗ್ರಾಂ ಚಿತ್ರದ ಅಡಿಬರಹದಲ್ಲೇ ಹಾಗೆ ಬರೆದಿದ್ದರು. ಅದು ಬಲಶಾಲಿ ಎಂಬರ್ಥದ ಪದವೆಂದು ಸ್ಯಾಮಿ ನಂಬಿದ್ದರು. 2020ರ ಜೂನ್‌ನಲ್ಲಿ ಅರ್ಥ ತಿಳಿದಾಗ ಅವರು ವೀಡಿಯೊ ಮಾಡಿ ಪ್ರಶ್ನಿಸಿದರು; ಪ್ರೀತಿಯಿಂದಲೇ ಕರೆದದ್ದೆಂದು ಸಹ ಆಟಗಾರರೊಬ್ಬರು ಹೇಳಿದ್ದನ್ನು ಆಮೇಲೆ ಒಪ್ಪಿಕೊಂಡರು. ನಮ್ಮ ಶಾಲಾ ಮೈದಾನಗಳಲ್ಲಿ 'ಲೇ ಕರಿಯಾ' ಎಂಬ ಕೂಗು ಎಷ್ಟು ಸಹಜವಾಗಿದೆಯೆಂದರೆ, ಆರು ವರ್ಷ ಆ ಅಡಿಬರಹ ಎಲ್ಲರ ಕಣ್ಣೆದುರಿಗಿದ್ದರೂ ಯಾರಿಗೂ ಅದು ಚುಚ್ಚಲಿಲ್ಲ.

2021ರ ಆಗಸ್ಟ್ 4ರಂದು ಟೋಕಿಯೊದಲ್ಲಿ ಭಾರತದ ಮಹಿಳಾ ಹಾಕಿ ತಂಡ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾಗೆ ಸೋತಿತು. ಅದೇ ಕೂಟದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹ್ಯಾಟ್ರಿಕ್ ಗೋಲು ಹೊಡೆದು, ಒಲಿಂಪಿಕ್ಸ್‌ನಲ್ಲಿ ಆ ಸಾಧನೆ ಮಾಡಿದ ಮೊದಲ ಭಾರತೀಯ ಆಟಗಾರ್ತಿ ಎನಿಸಿದ್ದವರು ವಂದನಾ ಕಟಾರಿಯಾ. ಸೋತ ದಿನವೇ ಹರಿದ್ವಾರದ ಬಳಿಯ ರೋಶನಾಬಾದ್‌ನಲ್ಲಿ ಅವರ ಮನೆಯ ಮುಂದೆ ಕೆಲವರು ಪಟಾಕಿ ಸಿಡಿಸಿ ಕುಣಿದರು, ತಂಡದಲ್ಲಿ ದಲಿತರು ಹೆಚ್ಚಾದದ್ದರಿಂದಲೇ ಸೋಲಾಯಿತು ಎಂದು ಕೂಗಿದರು ಎಂದು ಕುಟುಂಬ ದೂರು ಕೊಟ್ಟಿತು. ಪೊಲೀಸರು ದೌರ್ಜನ್ಯ ತಡೆ ಕಾಯ್ದೆಯಡಿ ಪ್ರಕರಣ ದಾಖಲಿಸಿದರು. ಈ ಘಟನೆಯನ್ನು ದೇಶಕ್ಕೆ ತಿಳಿಸಿದ್ದೂ ಫೋನುಗಳೇ.

ಆ ಬಲವನ್ನು ಆಟಗಾರ್ತಿಯರು ತಮ್ಮ ಪರವಾಗಿಯೂ ಬಳಸಿದ್ದಾರೆ. 2021ರ ಮಾರ್ಚ್‌ನಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಅಮೆರಿಕದ ಕಾಲೇಜು ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಕೂಟ ನಡೆಯುತ್ತಿದ್ದಾಗ, ಆರೆಗಾನ್ ವಿಶ್ವವಿದ್ಯಾಲಯದ ಸೆಡೋನಾ ಪ್ರಿನ್ಸ್ ಟಿಕ್‌ಟಾಕ್‌ನಲ್ಲಿ ಅರ್ಧ ನಿಮಿಷದ ವೀಡಿಯೊ ಹಾಕಿದರು. ಪುರುಷರಿಗೆ ಸಭಾಂಗಣದ ತುಂಬ ವ್ಯಾಯಾಮದ ಉಪಕರಣಗಳು. ಮಹಿಳೆಯರಿಗೆ ಡಂಬೆಲ್‌ಗಳ ಒಂದೇ ಒಂದು ಸಣ್ಣ ಸ್ಟ್ಯಾಂಡು. ಜಾಗ ಸಾಲದೆಂಬ ಉತ್ತರ ಬಂದಿತ್ತು. ಪ್ರಿನ್ಸ್ ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸಿ, ಖಾಲಿ ಬಿದ್ದಿದ್ದ ಆ ವಿಶಾಲ ನೆಲವನ್ನು ತೋರಿಸಿದರು. ಕೆಲವೇ ದಿನಗಳಲ್ಲಿ ಉಪಕರಣಗಳು ಬಂದವು, ತನಿಖೆ ನಡೆಯಿತು, ಅಲ್ಲಿಯವರೆಗೆ ಪುರುಷರ ಕೂಟಕ್ಕಷ್ಟೇ ಮೀಸಲಾಗಿದ್ದ 'ಮಾರ್ಚ್ ಮ್ಯಾಡ್‌ನೆಸ್' ಎಂಬ ಹೆಸರು 2022ರಿಂದ ಮಹಿಳೆಯರ ಕೂಟಕ್ಕೂ ಸಿಕ್ಕಿತು. 2024ರ ಮಹಿಳಾ ಫೈನಲ್ಲನ್ನು ಸರಾಸರಿ 1.89 ಕೋಟಿ ಜನ ನೋಡಿದರು. ಅದೇ ವರ್ಷದ ಪುರುಷರ ಫೈನಲ್ಲಿಗೆ 1.48 ಕೋಟಿ.

ಆ ಫೈನಲ್ ಆಡಿದ ಕ್ಲಾರ್ಕ್ ಮತ್ತು ಬೇರೆ ತಂಡದಲ್ಲಿದ್ದ ರೀಸ್ ಆ ಬೇಸಿಗೆಯಲ್ಲೇ ವೃತ್ತಿಪರ ಲೀಗ್‌ಗೆ ಕಾಲಿಟ್ಟರು. ಹೊಸ ಪ್ರೇಕ್ಷಕರ ಜೊತೆಗೆ ಹಳೆಯ ಅಡಿಬರಹವೂ ಬಂತು. 2024ರ ಜೂನ್ 1ರಂದು ಶಿಕಾಗೊ ತಂಡದ ಚೆನೆಡಿ ಕಾರ್ಟರ್, ಚೆಂಡು ಇನ್ನೂ ಆಟಕ್ಕೆ ಬರುವ ಮುನ್ನವೇ ಕ್ಲಾರ್ಕ್ ಅವರನ್ನು ತಳ್ಳಿ ಬೀಳಿಸಿದರು. ಅದು ತಪ್ಪೇ, ಮರುದಿನ ಲೀಗ್ ಆ ಫೌಲಿನ ದರ್ಜೆಯನ್ನು ಏರಿಸಿತು. ಆದರೆ ಕೆಲವೇ ಸೆಕೆಂಡುಗಳ ಆ ತುಣುಕು ದಿನಗಟ್ಟಲೆ ಸುತ್ತಿತು, ಶಿಕಾಗೊದ ಪ್ರಮುಖ ಪತ್ರಿಕೆಯ ಸಂಪಾದಕೀಯ, ಮೈದಾನದ ಹೊರಗಾಗಿದ್ದರೆ ಇದನ್ನು ಹಲ್ಲೆ ಎನ್ನಬೇಕಾಗುತ್ತಿತ್ತು ಎಂದು ಬರೆಯಿತು. ನಾಲ್ಕು ದಿನಗಳ ಬಳಿಕ ಶಿಕಾಗೊ ತಂಡದ ಬಸ್ಸು ವಾಷಿಂಗ್ಟನ್‌ನ ಹೋಟೆಲ್ ಮುಂದೆ ನಿಂತಾಗ, ಕ್ಯಾಮೆರಾ ಹಿಡಿದ ವ್ಯಕ್ತಿಯೊಬ್ಬ ಬಾಗಿಲ ಬಳಿ ಕಾಯುತ್ತಿದ್ದ. ಇಳಿದು ಬಂದ ಕಾರ್ಟರ್ ಎದುರು ಅವನು ಕ್ಯಾಮೆರಾ ಹಿಡಿದು, ಕ್ಲಾರ್ಕ್ ಅವರನ್ನು ಸಂಪರ್ಕಿಸಿದಿರಾ ಎಂದು ಕೇಳುತ್ತಾ ಹೋದ.